ಮೆಡಿಕೇಡ್ ಅರ್ಹತೆ ಮತ್ತು ದಂಪತಿಯ ಉತ್ತರಾಧಿಕಾರ

ಮೆಡಿಕೇಡ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1965ರಲ್ಲಿ ಆರಂಭವಾದ ವೈದ್ಯಕೀಯ ನೆರವಿನ ಯೋಜನೆ. ಇದರ ವೆಚ್ಚವನ್ನು ಕೇಂದ್ರ ಸರ್ಕಾರವೂ ರಾಜ್ಯಗಳೂ ಹಂಚಿಕೊಳ್ಳುತ್ತವೆ. ವೃದ್ಧರ ನರ್ಸಿಂಗ್ ಹೋಮ್ ವಾಸದ ಖರ್ಚನ್ನು ದೀರ್ಘಕಾಲ ಭರಿಸುವ ಪ್ರಮುಖ ಸಾರ್ವಜನಿಕ ಯೋಜನೆ ಇದೇ. ಕರ್ನಾಟಕದಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ಅಶಕ್ತರು ವರ್ಷಗಟ್ಟಲೆ ನೆಲೆಸುವ ಶುಶ್ರೂಷಾ ನಿವಾಸ. ಹೆಸರಿನ ಸಾಮ್ಯದಿಂದ ಗೊಂದಲ ಹುಟ್ಟಿಸುವ ಮೆಡಿಕೇರ್ ಯೋಜನೆಯು ಇಂತಹ ವಾಸಕ್ಕೆ ಹೆಚ್ಚೆಂದರೆ 100 ದಿನಗಳವರೆಗೆ ಮಾತ್ರ, ಅದೂ ಷರತ್ತುಗಳೊಡನೆ, ನೆರವಾಗುತ್ತದೆ.

ದಂಪತಿಯ ಆಸ್ತಿ ಮಿತಿ

ಬಹುತೇಕ ರಾಜ್ಯಗಳಲ್ಲಿ ನಿವಾಸ ಸೇರಿದ ವ್ಯಕ್ತಿಯ ಹೆಸರಿನಲ್ಲಿ 2,000 ಡಾಲರಿಗಿಂತ ಹೆಚ್ಚಿನ ಗಣನಾರ್ಹ ಆಸ್ತಿ ಇರಕೂಡದು. ಅರ್ಜಿಯ ಸಮಯದಲ್ಲಿ ಪತಿ-ಪತ್ನಿಯರಿಬ್ಬರ ಆಸ್ತಿಯನ್ನೂ ಒಟ್ಟಿಗೆ ಲೆಕ್ಕ ಹಾಕಲಾಗುತ್ತದೆ. ಒಬ್ಬರ ಕಾಯಿಲೆಯಿಂದ ಮನೆಯಲ್ಲಿರುವ ಇನ್ನೊಬ್ಬರು ನಿರ್ಗತಿಕರಾಗುವುದನ್ನು ತಡೆಯಲು 1988ರ ಕಾನೂನು ಸಂಗಾತಿಗೆ ರಕ್ಷಣೆ ನೀಡಿತು. 2025ರಲ್ಲಿ ಮನೆಯಲ್ಲಿರುವ ಸಂಗಾತಿ ಉಳಿಸಿಕೊಳ್ಳಬಹುದಾದ ಮೊತ್ತದ ಕನಿಷ್ಠ ಮಿತಿ 31,584 ಡಾಲರ್, ಗರಿಷ್ಠ ಮಿತಿ 1,57,920 ಡಾಲರ್. ಇವುಗಳ ನಡುವಿನ ಲೆಕ್ಕ ರಾಜ್ಯದಿಂದ ರಾಜ್ಯಕ್ಕೆ ಭಿನ್ನ. ಸಂಗಾತಿ ವಾಸಿಸುವ ಮನೆಯನ್ನು ಈ ಗಣನೆಗೆ ಸೇರಿಸುವುದಿಲ್ಲ.

ಆಸ್ತಿ ಯಾರ ಕೈಗೆ ಬರುತ್ತದೆ

ಅರ್ಹತೆ ಒಮ್ಮೆ ನಿರ್ಧಾರವಾದ ಮೇಲೆ, ಮುಂದಿನ ತಿಂಗಳಿನಿಂದ ಮನೆಯಲ್ಲಿರುವ ಸಂಗಾತಿಯ ಆಸ್ತಿಯನ್ನು ರೋಗಿಯದೆಂದು ಎಣಿಸುವುದಿಲ್ಲ. ಆದುದರಿಂದ ಆ ಬಳಿಕ ಪತ್ನಿಗೆ ತನ್ನ ತಂದೆ-ತಾಯಿಯಿಂದ ಆಸ್ತಿ ಬಂದರೂ ನಿವಾಸದಲ್ಲಿರುವ ಪತಿಯ ಅರ್ಹತೆಗೆ ಧಕ್ಕೆಯಿಲ್ಲ. ಅದೇ ಆಸ್ತಿ ಪತಿಗೆ ಬಂದರೆ ಮಿತಿ ಮೀರಿ ನೆರವು ನಿಲ್ಲಬಹುದು. "ನನಗೆ ಬೇಡ" ಎಂದು ಅದನ್ನು ತ್ಯಜಿಸುವುದೂ ಪರಿಹಾರವಲ್ಲ. ತನಗೆ ಸಲ್ಲಬೇಕಾದುದನ್ನು ಬಿಟ್ಟುಕೊಡುವುದನ್ನು ಕಾನೂನು ದಾನಕ್ಕೆ ಸಮನಾಗಿ ಕಾಣುತ್ತದೆ. ಅರ್ಜಿಗೆ ಹಿಂದಿನ 60 ತಿಂಗಳ ದಾನಗಳನ್ನು ಪರಿಶೀಲಿಸಿ, ಮೊತ್ತಕ್ಕೆ ತಕ್ಕಷ್ಟು ಕಾಲ ನೆರವನ್ನು ತಡೆಹಿಡಿಯುವ ನಿಯಮ 2006ರಿಂದ ಜಾರಿಯಲ್ಲಿದೆ. ಪತಿ-ಪತ್ನಿಯರ ನಡುವಿನ ವರ್ಗಾವಣೆಗೆ ಈ ದಂಡನೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಆರೋಗ್ಯವಂತ ಸಂಗಾತಿಯೇ ಮೊದಲು ತೀರಿಕೊಂಡಾಗ

ಕುಟುಂಬಗಳು ಬಹುಮಟ್ಟಿಗೆ ಯೋಚಿಸದಿರುವುದು ಈ ಸಂದರ್ಭವನ್ನೇ. ರೋಗಿಯ ಆರೈಕೆಗೆ ನಿಂತವರೇ ಮೊದಲು ತೀರಿಕೊಳ್ಳುವುದು ಅಪರೂಪವೇನಲ್ಲ. "ಸಮಸ್ತವೂ ನನ್ನ ಪತಿಗೆ" ಎಂಬ ಹಳೆಯ ಉಯಿಲು ಹಾಗೆಯೇ ಉಳಿದಿದ್ದರೆ, ರಕ್ಷಿಸಿಟ್ಟ ಮನೆ, ಉಳಿತಾಯಗಳೆಲ್ಲ ರೋಗಿಯ ಹೆಸರಿಗೆ ಬಂದು ಶುಶ್ರೂಷಾ ವೆಚ್ಚದಲ್ಲಿ ಕರಗಬಹುದು.

ಉಯಿಲನ್ನು ಬದಲಿಸಿದರಷ್ಟೇ ಸಾಲದು. ಜೀವವಿಮೆ, ನಿವೃತ್ತಿ ಖಾತೆ, ಮರಣಾನಂತರ ಪಾವತಿಯಾಗುವ ಬ್ಯಾಂಕ್ ಖಾತೆಗಳು ಉಯಿಲಿಗೆ ಒಳಪಡದೆ, ಅರ್ಜಿಯಲ್ಲಿ ಹೆಸರಿಸಿದ ಫಲಾನುಭವಿಗೆ ನೇರವಾಗಿ ಸೇರುತ್ತವೆ. ಭಾರತದಲ್ಲಿ ಬ್ಯಾಂಕ್ ಠೇವಣಿಯ ನಾಮಿನಿ ವಾರಸುದಾರರ ಪರವಾಗಿ ಹಣ ಪಡೆಯುವವನು ಮಾತ್ರ. ಅಮೆರಿಕದ ಫಲಾನುಭವಿ ಸಾಮಾನ್ಯವಾಗಿ ಹಣದ ಒಡೆಯನೇ ಆಗುತ್ತಾನೆ. ಹೀಗಾಗಿ ಮೂವತ್ತು ವರ್ಷಗಳ ಹಿಂದೆ ತುಂಬಿದ ಒಂದು ನಮೂನೆ ಇಡೀ ಉಯಿಲಿನ ಉದ್ದೇಶವನ್ನು ಕೆಡಿಸಬಲ್ಲದು. ಇದಲ್ಲದೆ, 401(ಕೆ)ಯಂತಹ ಉದ್ಯೋಗದಾತರ ನಿವೃತ್ತಿ ಖಾತೆಗಳಲ್ಲಿ ಸಂಗಾತಿಯ ಹೆಸರನ್ನು ಬಿಡಲು ಆ ಸಂಗಾತಿಯ ಲಿಖಿತ ಒಪ್ಪಿಗೆ ಅಗತ್ಯ. ರೋಗಿಗೆ ಮರೆವಿನ ಕಾಯಿಲೆ ಬಲಿತ ನಂತರ ಆ ಸಹಿ ಪಡೆಯುವುದು ಸುಲಭವಲ್ಲ.

ಸಂಗಾತಿಯನ್ನು ಉಯಿಲಿನಿಂದ ಪೂರ್ಣವಾಗಿ ಕೈಬಿಡಲೂ ಹೆಚ್ಚಿನ ರಾಜ್ಯಗಳಲ್ಲಿ ಅವಕಾಶವಿಲ್ಲ. ಉಳಿದ ಸಂಗಾತಿಗೆ ನಿರ್ದಿಷ್ಟ ಪಾಲನ್ನು ಕೇಳುವ ಹಕ್ಕಿರುತ್ತದೆ. ರೋಗಿ ಅದನ್ನು ಕೇಳದಿದ್ದರೆ ಅದನ್ನೂ ದಾನವೆಂದು ಎಣಿಸಬಹುದು. ಇದಕ್ಕೆ ಬಳಕೆಯಲ್ಲಿರುವ ಒಂದು ಉಪಾಯವೆಂದರೆ ಉಯಿಲಿನ ಮೂಲಕವೇ ರೋಗಿಯ ಹಿತಕ್ಕಾಗಿ ಟ್ರಸ್ಟ್ ಸ್ಥಾಪಿಸುವುದು. ದಂಪತಿ ಬದುಕಿರುವಾಗ ತಮ್ಮ ಆಸ್ತಿಯಿಂದ ಮಾಡಿಕೊಂಡ ಟ್ರಸ್ಟ್‌ಗಳಿಗಿರುವ ಕಠಿಣ ನಿಯಮದಿಂದ ಉಯಿಲಿನ ಟ್ರಸ್ಟ್ ಹೊರತಾಗಿದೆ. ಖರ್ಚಿನ ವಿವೇಚನೆ ಧರ್ಮದರ್ಶಿಗೇ ಸೇರಿದ್ದು, ರೋಗಿ ಹಣವನ್ನು ಹಕ್ಕಿನಿಂದ ಕೇಳುವಂತಿರಬಾರದು.

ಮರಣಾನಂತರದ ವಸೂಲಿ

55 ವರ್ಷ ದಾಟಿದವರ ದೀರ್ಘಕಾಲೀನ ಆರೈಕೆಗೆ ಮಾಡಿದ ವೆಚ್ಚವನ್ನು ಅವರ ಮರಣಾನಂತರ ಬಿಟ್ಟುಹೋದ ಆಸ್ತಿಯಿಂದ ವಸೂಲು ಮಾಡಲು ರಾಜ್ಯಗಳು ಯತ್ನಿಸಬೇಕೆಂದು 1993ರ ಕಾನೂನು ವಿಧಿಸಿತು. ಸಂಗಾತಿ ಬದುಕಿರುವವರೆಗೆ, ಅಥವಾ 21ರ ಒಳಗಿನ ಇಲ್ಲವೆ ಅಂಗವಿಕಲ ಮಕ್ಕಳಿದ್ದಲ್ಲಿ, ವಸೂಲಿ ನಡೆಯದು. ಕೆಲವು ರಾಜ್ಯಗಳು ನ್ಯಾಯಾಲಯದ ಮೂಲಕ ವಿಲೇವಾರಿಯಾಗುವ ಆಸ್ತಿಗಷ್ಟೇ ಕೈಹಾಕಿದರೆ, ಇನ್ನು ಕೆಲವು ಜಂಟಿ ಒಡೆತನದ ಆಸ್ತಿಯನ್ನೂ ಒಳಗೊಳ್ಳುತ್ತವೆ.