ಹಾರುವ ತಟ್ಟೆಗಳ ಬೆನ್ನು ಹತ್ತಿದವರು

1947ರ ಜೂನ್ 24ರಂದು ಅಮೆರಿಕದ ರೈನಿಯರ್ ಪರ್ವತದ ಬಳಿ ತನ್ನ ಪುಟ್ಟ ವಿಮಾನ ಹಾರಿಸುತ್ತಿದ್ದ ಕೆನೆತ್ ಆರ್ನಾಲ್ಡ್ ಎಂಬ ವ್ಯಾಪಾರಿಗೆ ಒಂಬತ್ತು ಹೊಳೆಯುವ ವಸ್ತುಗಳು ಸಾಲಾಗಿ ಸಾಗುವುದು ಕಂಡಿತು. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುವಂತೆ ಅವು ಚಲಿಸುತ್ತಿದ್ದವು ಎಂದು ಆತ ಹೇಳಿದ. ಹೇಳಿದ್ದು ಚಲನೆಯ ಬಗ್ಗೆ. ಪತ್ರಿಕೆಗಳು ಅದನ್ನೇ ಆಕಾರವೆಂದು ಬಗೆದು 'ಹಾರುವ ತಟ್ಟೆ' ಎಂದು ಹೆಸರಿಟ್ಟವು. ಕೆಲವೇ ವಾರಗಳಲ್ಲಿ ದೇಶದೆಲ್ಲೆಡೆ ಜನರಿಗೆ ತಟ್ಟೆಗಳೇ ಕಾಣತೊಡಗಿದವು!

ಅಮೆರಿಕದ ವಾಯುಪಡೆ ತನಿಖೆ ಆರಂಭಿಸಿತು. ಆದರೆ ಅದರ ಉತ್ತರಗಳು ಹಲವರಿಗೆ ತೃಪ್ತಿ ನೀಡಲಿಲ್ಲ. 1952ರಲ್ಲಿ ವಿಸ್ಕಾನ್ಸಿನ್‌ನ ಕೋರಲ್ ಲೊರೆಂಜನ್ ಎಂಬ ಮಹಿಳೆ ಪತಿಯೊಂದಿಗೆ ಸೇರಿ ಹವ್ಯಾಸಿ ತನಿಖೆಗಾರರ ಸಂಘ ಕಟ್ಟಿದರು. 1956ರಲ್ಲಿ ಹುಟ್ಟಿದ ಇನ್ನೊಂದು ಸಂಘವನ್ನು ಡೊನಾಲ್ಡ್ ಕೀಹೋ ಎಂಬ ನಿವೃತ್ತ ಸೇನಾಧಿಕಾರಿ ಮುನ್ನಡೆಸಿದರು. ಸರಕಾರ ಏನನ್ನೋ ಮುಚ್ಚಿಡುತ್ತಿದೆ ಎಂಬುದು ಅವರ ಆರೋಪ. ಇತ್ತ, ಇಂತಹ ಸಂಘಗಳ ಮೇಲೆ ಕಣ್ಣಿಡಬೇಕೆಂದು ಗೂಢಚಾರ ಸಂಸ್ಥೆ ಸಿಐಎ ಕರೆಸಿದ್ದ ತಜ್ಞರ ಸಮಿತಿಯೊಂದು 1953ರಲ್ಲೇ ಗುಟ್ಟಾಗಿ ಸಲಹೆ ನೀಡಿತ್ತು.

ಸರಕಾರ ನಿಜಕ್ಕೂ ಮುಚ್ಚಿಟ್ಟಿತ್ತೇ? ಹೌದು, ಮುಚ್ಚಿಟ್ಟಿತ್ತು. ಆದರೆ ಅದು ಅನ್ಯಗ್ರಹದವರನ್ನಲ್ಲ. 1947ರಲ್ಲಿ ರಾಸ್‌ವೆಲ್ ಬಳಿ ಬಿದ್ದದ್ದು ಸೋವಿಯತ್ ಒಕ್ಕೂಟದ ಅಣುಪರೀಕ್ಷೆಗಳನ್ನು ಪತ್ತೆ ಹಚ್ಚಲು ಹಾರಿಬಿಟ್ಟ ಬಲೂನಿನ ಅವಶೇಷವೆಂದು ವಾಯುಪಡೆ ಹೇಳಿದ್ದು 1994ರಲ್ಲಿ. 1950ರ ದಶಕದ ಕೊನೆ ಮತ್ತು 60ರ ದಶಕದಲ್ಲಿ ಬಂದ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಯು-2ರಂತಹ ಬೇಹುಗಾರಿಕೆ ವಿಮಾನಗಳಿಗೆ ಸಂಬಂಧಿಸಿದ್ದವು ಎಂದು ಸಿಐಎ ಪ್ರಕಟಿಸಿದ ಅಧ್ಯಯನವೊಂದು 1997ರಲ್ಲಿ ಹೇಳಿತು. ಈ ಲೆಕ್ಕವನ್ನು ಪ್ರಶ್ನಿಸಿದವರೂ ಇದ್ದಾರೆ. ಹವ್ಯಾಸಿಗಳ ಸಂಶಯ ಸರಿಯಾಗಿತ್ತು, ಅದರಿಂದ ಅನೇಕರು ತಲುಪಿದ ತೀರ್ಮಾನ ತಪ್ಪಾಗಿತ್ತು. ಗುಟ್ಟು ಇದ್ದಲ್ಲಿ ವದಂತಿ ಬೆಳೆಯುತ್ತದೆ. ಆಳುವವರ ಸುಳ್ಳನ್ನು ಶಂಕಿಸುವವನು ತನ್ನ ಊಹೆಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಶಂಕಿಸಬೇಕಲ್ಲವೇ?

ಹಾಗೆ ಮಾಡಿದವರೂ ಇದ್ದರು. ವಾಯುಪಡೆ 12,618 ವರದಿಗಳನ್ನು ಕಲೆಹಾಕಿ, 701ಕ್ಕೆ ವಿವರಣೆ ಸಿಗಲಿಲ್ಲವೆಂದು ಒಪ್ಪಿಕೊಂಡು, 1969ರಲ್ಲಿ ಬಾಗಿಲು ಮುಚ್ಚಿತು. ಅದರ ಸಲಹೆಗಾರರಾಗಿದ್ದ ಖಗೋಳವಿಜ್ಞಾನಿ ಅಲೆನ್ ಹೈನೆಕ್ 1973ರಲ್ಲಿ ಸ್ವಂತ ಅಧ್ಯಯನ ಕೇಂದ್ರ ತೆರೆದರು. ಅಲ್ಲಿನ ತನಿಖೆಗಾರ ಅಲನ್ ಹೆಂಡ್ರಿ 1,300ಕ್ಕೂ ಹೆಚ್ಚು ವರದಿಗಳನ್ನು ಒಂದೊಂದಾಗಿ ಪರಿಶೀಲಿಸಿ 1979ರಲ್ಲಿ ಪುಸ್ತಕ ಬರೆದರು. ಆ ರಾತ್ರಿ ಯಾವ ಗ್ರಹ ಎಲ್ಲಿತ್ತು, ಯಾವ ವಿಮಾನ ಹಾರಿತ್ತು ಎಂದು ವಿಚಾರಿಸುವುದೇ ಅವರ ವಿಧಾನ. ಸುಮಾರು ಹತ್ತರಲ್ಲಿ ಒಂಬತ್ತು ಪ್ರಕರಣಗಳು ನಕ್ಷತ್ರ, ಗ್ರಹ, ದೀಪ ಹೊತ್ತ ಜಾಹೀರಾತು ವಿಮಾನ ಇತ್ಯಾದಿಗಳಾಗಿ ಬಯಲಾದವು. ಹೇಳಿದವರಲ್ಲಿ ಸುಳ್ಳುಗಾರರು ತೀರಾ ವಿರಳ. ಓದಿದವರು, ಪೊಲೀಸರು, ಪೈಲಟ್‌ಗಳೂ ಮೋಸ ಹೋಗಿದ್ದರು.

ಇದು ಅಮೆರಿಕದವರ ಮರುಳು ಎಂದು ನಾವು ನಗುವಂತಿಲ್ಲ. 2012-13ರಲ್ಲಿ ಲಡಾಖ್‌ನ ಗಡಿಯಲ್ಲಿ ಕಂಡ ಬೆಳಕುಗಳನ್ನು ನಮ್ಮ ಸೈನಿಕರು ಚೀನಾದ ಬೇಹುಗಾರಿಕೆ ಡ್ರೋನ್‌ಗಳೆಂದು ಶಂಕಿಸಿದ್ದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಸಿದರು. ಎರಡು ದೇಶಗಳ ಸೇನೆಗಳು ಎದುರುಬದುರಾಗಿ ನಿಂತ ಜಾಗದಲ್ಲಿ ಇಂತಹ ತಪ್ಪಿಗೆ ತೆರಬೇಕಾದ ಬೆಲೆ ಎಷ್ಟಿರಬಹುದು!

ಕಂಡವನನ್ನು ಗೇಲಿ ಮಾಡದೆ, ಕಂಡದ್ದನ್ನು ಪರೀಕ್ಷಿಸದೆ ನಂಬದೆ, ಉತ್ತರ ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆದಿಡುವುದು ಹೆಂಡ್ರಿಯಂತಹವರು ತೋರಿಸಿದ ದಾರಿ. ಆಕಾಶದ ಬೆಳಕಿಗಷ್ಟೇ ಅಲ್ಲ, ನಮ್ಮ ಕಿವಿಗೆ ಬೀಳುವ ಪ್ರತಿಯೊಂದು ಸುದ್ದಿಗೂ ಅದು ಸಲ್ಲುತ್ತದೆ.