ತಾಯಿಗೂ ಒಂದು ಹಾಸಿಗೆ

ಯಾಯೀರನ ಮನೆಯಲ್ಲಿ ನಡೆದ ಘಟನೆಯನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುವಾಗ ಎರಡು ಸಣ್ಣ ಸಂಗತಿಗಳನ್ನು ನಾವು ದಾಟಿ ಹೋಗುತ್ತೇವೆ. ಯೇಸುಸ್ವಾಮಿ ಗೋಳಾಡುತ್ತಿದ್ದ ಜನರನ್ನೆಲ್ಲ ಹೊರಗೆ ಕಳುಹಿಸಿದರು. ಬಾಲಕಿಯ ತಂದೆತಾಯಿಗಳನ್ನೂ ತಮ್ಮೊಡನಿದ್ದ ಶಿಷ್ಯರನ್ನೂ ಮಾತ್ರ ಒಳಗೆ ಕರೆದುಕೊಂಡು ಹೋದರು. ಅವಳು ಎದ್ದು ನಡೆದಾಡಿದ ಮೇಲೆ, ಊಟ ಕೊಡಿರೆಂದು ಹೇಳಿದರು. ಮಗುವಿನ ಬಳಿ ಹೆತ್ತವರು, ಮಗುವಿನ ಬಾಯಿಗೆ ಆಹಾರ: ಮಕ್ಕಳ ಆಸ್ಪತ್ರೆಗಳ ಚರಿತ್ರೆ ಈ ಎರಡು ಮಾತುಗಳನ್ನು ಕಲಿತ ಚರಿತ್ರೆಯೇ ಆಗಿದೆ.

1852ರ ಫೆಬ್ರುವರಿ 14ರಂದು ಲಂಡನ್ನಿನ ಗ್ರೇಟ್ ಆರ್ಮಂಡ್ ಬೀದಿಯಲ್ಲಿ ಹತ್ತು ಹಾಸಿಗೆಗಳ ಮಕ್ಕಳ ಆಸ್ಪತ್ರೆ ತೆರೆಯಿತು. ವೈದ್ಯವಿದ್ಯೆ ಬೆಳೆಯಿತು. ಆದರೆ ಬ್ರಿಟನ್ನಿನ ಅನೇಕ ಆಸ್ಪತ್ರೆಗಳು ತಾಯಂದಿರನ್ನು ಬಾಗಿಲಲ್ಲೇ ತಡೆದವು. ಭೇಟಿಗೆ ದೊರೆಯುತ್ತಿದ್ದುದು ವಾರಕ್ಕೆ ಕೆಲವೇ ಗಂಟೆ. ಮಗುವಿನ ಮೌನವನ್ನು ಸಮಾಧಾನವೆಂದು ತಿಳಿಯಲಾಯಿತು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ತಾಯಿಯಿಂದ ಅಗಲಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಮಗುವಿನ ಚಲನಚಿತ್ರ ತೋರಿಸಿದಾಗ ಆ ಮೌನ ದುಃಖವೆಂದು ತಿಳಿಯಿತು. 1959ರಲ್ಲಿ ಪ್ಲಾಟ್ ಸಮಿತಿಯು ತಾಯಿ ಮಗುವಿನೊಡನೆ ಉಳಿಯಲು ಅವಕಾಶವಿರಬೇಕೆಂದು ಶಿಫಾರಸು ಮಾಡಿತು.

ನಮ್ಮ ನಾಡಿನ ಮಿಷನ್ ಆಸ್ಪತ್ರೆಗಳ ರೀತಿ ಬೇರೆಯಾಗಿತ್ತು. ಯಾದಗಿರಿಯಲ್ಲಿ ಅಮೆರಿಕದ ಮೆಥೋಡಿಸ್ಟ್ ಸಭೆಯ ನೆರವಿನಿಂದ ಬೆಳೆದ ಹೋಲ್‌ಸ್ಟನ್ ಆಸ್ಪತ್ರೆ ಅಂಥ ಪರಂಪರೆಗೆ ಸೇರಿದ್ದು. ಅಂಥ ಕಡೆಗಳಲ್ಲಿ ರೋಗಿಯೊಡನೆ ಮನೆಯವರೂ ಬಂದು, ಆವರಣದಲ್ಲೇ ಒಲೆ ಹೂಡಿ, ರೊಟ್ಟಿ ಸುಟ್ಟು, ಹಾಸಿಗೆಯ ಪಕ್ಕದಲ್ಲೇ ಮಲಗುತ್ತಿದ್ದರು. ಅದು ಬಡತನದ ಏರ್ಪಾಡು, ನಿಜ. ಆದರೆ ಮಗು ಒಂಟಿಯಾಗಿರಲಿಲ್ಲ.

2009ರ ಡಿಸೆಂಬರಿನಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಕೂಡಿ ಪ್ರತ್ಯೇಕ ಜಿಲ್ಲೆಯಾದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ರಾಜ್ಯದಲ್ಲಿ ಶೇಕಡ 35ರಷ್ಟಿದ್ದರೆ, ಈ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು. ತೀವ್ರ ಅಪೌಷ್ಟಿಕತೆಯ ಮಕ್ಕಳಿಗಾಗಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. 2011ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ಅಪಾಯದ ಗುರುತು. ಅಲ್ಲಿ ಮೊದಲು ಸೋಂಕನ್ನು ಹತೋಟಿಗೆ ತಂದು, ಹಾಲಿನ ಹದವಾದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಅನಂತರ ಪ್ರಮಾಣ ಹೆಚ್ಚಿಸುತ್ತಾರೆ. ತಾಯಿಯೂ ಅಲ್ಲಿಯೇ ಉಳಿಯುತ್ತಾಳೆ. ಅಡುಗೆ, ಆರೈಕೆ ಕಲಿಯುತ್ತಾಳೆ. ಕಳೆದುಹೋದ ಕೂಲಿಗೆ ಅವಳಿಗೆ ಭತ್ಯೆಯೂ ಉಂಟು. ಲಂಡನ್ ನೂರು ವರ್ಷ ತಡವಾಗಿ ಕಲಿತ ಪಾಠ ಇಲ್ಲಿ ನಿಯಮವೇ ಆಗಿದೆ.

ಆದರೂ ಚಿಕಿತ್ಸೆ ಮುಗಿಯುವ ಮುನ್ನವೇ ಮಗುವನ್ನೆತ್ತಿಕೊಂಡು ಊರಿಗೆ ಮರಳುವ ತಾಯಂದಿರಿದ್ದಾರೆ. ಮನೆಯಲ್ಲಿ ಇನ್ನೆರಡು ಮಕ್ಕಳು, ಹೊಲದಲ್ಲಿ ಹತ್ತಿ ಬಿಡಿಸುವ ಕಾಲ, ಕೂಲಿಗೆಂದು ಬೆಂಗಳೂರಿಗೆ ಹೋದ ಗಂಡ. ಅವಳನ್ನು ಅಜ್ಞಾನಿಯೆಂದು ಬಯ್ಯುವುದು ಸುಲಭ. ಆ ಎರಡು ವಾರ ಅವಳ ಮನೆಯ ಒಲೆ ಉರಿಸುವವರಾರು ಎಂದು ಕೇಳುವುದು ಕಷ್ಟ.

ಔಷಧಿ ಕೊಡುವುದು ವೈದ್ಯರ ಕೆಲಸ. ಉಳಿದ ಮಕ್ಕಳಿಗೆ ಒಂದು ಹೊತ್ತಿನ ಊಟ, ದನಕ್ಕೆ ಒಂದು ಹೊರೆ ಮೇವು, ಆಸ್ಪತ್ರೆಗೆ ಹೋಗಿ ಬರುವ ಬಸ್ಸಿನ ಖರ್ಚು: ಇವು ನೆರೆಹೊರೆಯ ಕೈಯಲ್ಲಿವೆ. ಯಾಯೀರನ ಮನೆಯ ಹೊರಗೆ ಜನ ಅಳುತ್ತಲೇ ನಿಂತಿದ್ದರು. ಊಟ ಕೊಡಿರೆಂಬ ಮಾತು ಅವರಿಗೆ ಕೇಳಿಸಿತೋ ಇಲ್ಲವೋ, ನಮಗಂತೂ ಕೇಳಿಸಿದೆ.