ಸೇವಾದಳದ ಕವಾಯತು

ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯಲ್ಲಿರುವ ಸವಳಂಗವು ಈಗ ದಾವಣಗೆರೆ ಜಿಲ್ಲೆಗೆ ಸೇರಿದ್ದರೂ, ಸ್ವಾತಂತ್ರ್ಯಪೂರ್ವದಲ್ಲಿ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಯ ಊರಾಗಿದ್ದಿತು. ಉತ್ತರದಲ್ಲಿ ಸಂಸ್ಥಾನದ ಎಲ್ಲೆಯನ್ನು ದಾಟಿದೊಡನೆಯೇ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಒಂದೇ ನುಡಿಯ ಮಕ್ಕಳು ಈ ಎಲ್ಲೆಯ ಎರಡು ಕಡೆಗಳಲ್ಲಿ ಎರಡು ಬಗೆಯ ಕವಾಯತನ್ನು ಕಲಿತರು.

ಈಚೆಯ ಕಡೆಯದು ಸ್ಕೌಟು. 1909ರಲ್ಲಿ ಕ್ಯಾಪ್ಟನ್ ಬೇಕರನು ಬೆಂಗಳೂರಿನಲ್ಲಿ ತೆಗೆದ ದಳವೇ ಭಾರತದಲ್ಲಿ ಮೊದಲನೆಯದು. ಆದರೆ ಅದು ಬಿಳಿಯರ ಮಕ್ಕಳಿಗಾಗಿ ಇದ್ದಿತು. ಮೈಸೂರಿನ ಮಕ್ಕಳಿಗೆ ಈ ಶಿಕ್ಷಣವು ದೊರೆತುದು 1917ರಲ್ಲಿ, ಸಂಸ್ಥಾನವೇ ತನ್ನ ಸ್ಕೌಟು ಸಂಸ್ಥೆಯನ್ನು ಕಟ್ಟಿದಾಗ. ದೇವರಿಗೂ ದೊರೆಗೂ ನಿಷ್ಠೆಯಿಂದಿರುವೆನೆಂಬುದು ಅಲ್ಲಿನ ಪ್ರತಿಜ್ಞೆ. ಆಚೆಯ ಕಡೆಯ ಕವಾಯತಿಗೆ ದೊರೆಯ ಅಪ್ಪಣೆ ಇರಲಿಲ್ಲ.

ಅದನ್ನು ಹುಟ್ಟಿಸಿದವರು ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು. ಇವರು 1889ರಲ್ಲಿ ಧಾರವಾಡದಲ್ಲಿ ಜನಿಸಿ, ಕಲಕತ್ತೆಯಲ್ಲಿ ವೈದ್ಯವನ್ನು ಕಲಿತು, ಅಮೆರಿಕೆಯಲ್ಲಿ ವ್ಯಾಸಂಗಮಾಡುತ್ತ ಲಾಲಾ ಲಜಪತರಾಯರ ಸಹಾಯಕರಾಗಿದ್ದವರು. ತಾಯ್ನಾಡಿಗೆ ಹಿಂದಿರುಗಿ ಹುಬ್ಬಳ್ಳಿಯಲ್ಲಿ ಸೇವಾಮಂಡಲವನ್ನು ಕಟ್ಟಿದರು. 1923ರಲ್ಲಿ ನಾಗಪುರದಲ್ಲಿ ಧ್ವಜಸತ್ಯಾಗ್ರಹವು ನಡೆಯಿತಷ್ಟೆ. ಧ್ವಜವನ್ನು ಹಿಡಿದು ಹೋದವರೆಲ್ಲ ಸೆರೆಮನೆಯನ್ನು ಸೇರಿದರು. ಅಲ್ಲಿನ ಕಷ್ಟವನ್ನು ತಾಳಲಾರದೆ ಅನೇಕರು ಕ್ಷಮಾಪಣೆಯನ್ನು ಬರೆದುಕೊಟ್ಟರು. ಹುಬ್ಬಳ್ಳಿಯ ತಂಡದವರು ಬರೆದುಕೊಡಲಿಲ್ಲ. ಉತ್ಸಾಹವಿದ್ದಷ್ಟಕ್ಕೇ ಸಾಲದು, ಉತ್ಸಾಹವು ಇಳಿದ ಮೇಲೂ ನಿಲ್ಲುವ ಅಭ್ಯಾಸವು ಬೇಕೆಂಬುದು ಆಗ ಎಲ್ಲರಿಗೂ ಕಂಡಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಸಮಯದಲ್ಲಿ ಅಖಿಲ ಭಾರತದ ಸ್ವಯಂಸೇವಕ ದಳವು ಜವಾಹರಲಾಲ ನೆಹರೂರವರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾಯಿತು. ಇದೇ ಮುಂದೆ ಹಿಂದುಸ್ತಾನೀ ಸೇವಾದಳವೆಂದು ಹೆಸರಾಯಿತು. ಆದರೆ ವಿರೋಧವು ಹೊರಗಿನದಾಗಿರದೆ ಒಳಗಿನದೇ ಆಗಿದ್ದಿತು. ಕಾಂಗ್ರೆಸ್ಸಿನೊಳಕ್ಕೆ ಸೈನ್ಯದ ಅಂಶವನ್ನು ತಂದರೆ ಅದು ನಾಳೆ ಮುಖಂಡರನ್ನೇ ಮೀರೀತೆಂದು ಕೆಲವರು ಹೆದರಿದರು. ಮೇಲಿನವರ ಮಾತನ್ನು ಕೇಳಿದರಾಯಿತು, ಹೆಜ್ಜೆ ಕೂಡಿಸಿ ನಡೆಯುವುದೇಕೆಂದು ಕೆಲವರು. ಅಹಿಂಸೆಗೂ ಕವಾಯತಿಗೂ ಹೊಂದದೆಂದು ಮತ್ತೆ ಕೆಲವರು. ಈ ಅಂಜಿಕೆಯನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಕೇವಲ ಒಂದು ವರ್ಷದ ಹಿಂದೆ, 1922ರ ಅಕ್ಟೋಬರಿನಲ್ಲಿ, ಇಟಲಿಯಲ್ಲಿ ಮುಸೊಲಿನಿಯ ಕರಿಯಂಗಿಯವರು ರೋಮಿನ ಕಡೆಗೆ ನಡೆದು ರಾಜ್ಯವನ್ನೇ ಕೈವಶಮಾಡಿಕೊಂಡಿದ್ದರು. ಸಮವಸ್ತ್ರವೂ ಹೆಜ್ಜೆಯೂ ಅಲ್ಲಿ ಇದ್ದುವು, ಇಲ್ಲಿಯೂ ಇದ್ದುವು. ಭೇದವೆಲ್ಲಿ? ಆ ಕವಾಯತು ಅಪ್ಪಣೆಯಾದೊಡನೆ ಹೊಡೆಯುವ ಕೈಯನ್ನು ಸಿದ್ಧಪಡಿಸಿತು. ಹುಬ್ಬಳ್ಳಿಯದು ಲಾಠಿಯ ಏಟು ಬಿದ್ದಾಗಲೂ ಏಳದ ಕೈಯನ್ನು ಸಿದ್ಧಪಡಿಸಬೇಕಾಗಿದ್ದಿತು. ಎರಡನೆಯದು ಹೆಚ್ಚು ಕಠಿನವಾದುದೆಂಬುದರಲ್ಲಿ ಸಂದೇಹವಿಲ್ಲ. ಬಾಯಿಮಾತಿನ ಉಪದೇಶದಿಂದಲೇ ಅದು ಸಾಧಿಸುವುದೆಂದು ನಂಬಿದವರು ಜನರ ನೂಕುನುಗ್ಗಲನ್ನು ಹತ್ತಿರದಿಂದ ನೋಡಿದವರಲ್ಲ.

ಮೊದಲ ದೊಡ್ಡ ಪರೀಕ್ಷೆಯು ಕನ್ನಡನಾಡಿನಲ್ಲಿಯೇ ಒದಗಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರು ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನವು ಬೆಳಗಾವಿಯಲ್ಲಿ ನೆರೆಯಿತು. ಗಂಗಾಧರರಾವ್ ದೇಶಪಾಂಡೆಯವರು ಸ್ವಾಗತದ ಭಾರವನ್ನು ಹೊತ್ತರು. ಸ್ವಯಂಸೇವಕರ ಭಾರವು ಹರ್ಡೀಕರರದಾಯಿತು. ನೆರೆದವರಿಗೆ ದಾರಿಮಾಡುವುದು, ಕಾವಲು, ನೀರು, ಎಲ್ಲಕ್ಕೂ ಮಿಗಿಲಾಗಿ ನೈರ್ಮಲ್ಯ: ದಳದ ಶಿಸ್ತು ಅಲ್ಲಿ ಬೆಲೆಕಟ್ಟಲ್ಪಟ್ಟುದು ಇಂತಹ ಕೆಲಸಗಳಿಂದ. ಉಮಾಬಾಯಿ ಕುಂದಾಪುರರವರು 150ಕ್ಕೂ ಹೆಚ್ಚು ಮಹಿಳೆಯರನ್ನು ಸೇವೆಗೆ ಕೂಡಿಸಿದರು. ಹೆಂಗಸರು, ಅವರಲ್ಲಿ ವಿಧವೆಯರೂ, ಮನೆಯ ಹೊಸ್ತಿಲನ್ನು ದಾಟುವುದೇ ದುಸ್ತರವಾಗಿದ್ದ ಕಾಲ. ಸ್ವತಃ ಎಳೆಯ ವಯಸ್ಸಿನಲ್ಲಿ ವಿಧವೆಯಾದ ಈ ಮಹಿಳೆಯು ದಳದ ಸ್ತ್ರೀಶಾಖೆಯ ನಾಯಕಿಯಾಗಿ 1932ರಲ್ಲಿ ಯರವಡೆಯ ಸೆರೆಯನ್ನೂ ಕಂಡರು.

ಹುಬ್ಬಳ್ಳಿಯಿಂದ ‘ವಾಲಂಟಿಯರ್’ ಎಂಬ ಇಂಗ್ಲಿಷು ಮಾಸಪತ್ರಿಕೆಯು ಹೊರಡುತ್ತಿತ್ತು. ತಿಂಗಳ ಕಡೆಯ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಧ್ವಜವಂದನೆಯನ್ನು ಮಾಡುವ ಪದ್ಧತಿಯನ್ನು ದಳವು ರೂಢಿಗೆ ತಂದಿತು. 1931ರಲ್ಲಿ ಕಾಂಗ್ರೆಸ್ಸು ದಳವನ್ನು ತನ್ನ ಅಧಿಕೃತ ಅಂಗವನ್ನಾಗಿ ಸ್ವೀಕರಿಸಿ ಕಾರ್ಯಸಮಿತಿಯ ಅಧೀನಕ್ಕೆ ತಂದುಕೊಂಡಿತು. ಕಾಕಿನಾಡದಲ್ಲಿ ಹೆದರಿದವರಿಗೆ ಇದು ತಕ್ಕ ಉತ್ತರ. ಮರುವರ್ಷವೇ ಸರಕಾರವು ಅದನ್ನು ನಿಷೇಧಿಸಿತು.

ಹರ್ಡೀಕರರು 1929ರಲ್ಲಿ ಘಟಪ್ರಭೆಯಲ್ಲಿ ತೊಡಗಿಸಿದ್ದ ಆರೋಗ್ಯಧಾಮವು ಮಾತ್ರ ಬೆಳೆಯುತ್ತ ಬಂದಿತು. ಸ್ವರಾಜ್ಯವು ಬಂದ ಮೇಲೆ, 1948ರಲ್ಲಿ, ಸರಕಾರವೇ ಕಾನೂನುಮಾಡಿ ವಿದ್ಯಾರ್ಥಿಗಳಿಗಾಗಿ ರಾಷ್ಟ್ರೀಯ ಕೆಡೆಟ್ ದಳವನ್ನು ಕಟ್ಟಿತು. ಹರ್ಡೀಕರರು ಹತ್ತು ವರ್ಷ ರಾಜ್ಯಸಭೆಯಲ್ಲಿದ್ದು, 1970ರ ಆಗಸ್ಟಿನಲ್ಲಿ ಕಾಲವಾದರು.